ಗಾಜಿನೊಳಗೆ ಬೆಳಕಿಗೆ ದಾರಿ ಬರೆಯೋಕೆ ಲೇಸರ್ ಇದೆ, ಆ ಗಾಜು ಎಲ್ಲಿದೆ?

ಕಮರ್ಷಿಯಲ್ ಸ್ಟ್ರೀಟಲ್ಲೋ ಯಾವ್ದಾದ್ರೂ ಮಾಲಲ್ಲೋ ಗಿಫ್ಟ್ ಅಂಗಡಿ ಮುಂದೆ ಹೋಗುವಾಗ ನೋಡಿರ್ತೀರ, ಒಂದು ಗಾಜಿನ ಕ್ಯೂಬು, ಅದರೊಳಗೆ ಗಂಡ ಹೆಂಡತಿ ಫೋಟೋನೋ ತಿಮ್ಮಪ್ಪನೋ ಬಿಳೀ ಚುಕ್ಕೆಗಳಲ್ಲಿ ತೇಲ್ತಾ ಇರುತ್ತೆ, ಕೆಳಗೆ ಬಣ್ಣದ ಲೈಟು. ನಮ್ಮ ಸೋದರತ್ತೆ ಮನೆ ಶೋಕೇಸಲ್ಲೂ ಒಂದಿದೆ, ಮದುವೆಯಾಗಿ ಇಪ್ಪತ್ತೈದು ವರ್ಷ ಆಯ್ತು ಅಂತ ಯಾರೋ ಕೊಟ್ಟಿದ್ದು. ಅದನ್ನ ಕೈಯಲ್ಲಿ ಹಿಡಿದು ನೋಡಿದ್ರೆ ಹೊರಗಡೆ ಒಂದು ಗೀರೂ ಇಲ್ಲ, ಚಿತ್ರ ಇರೋದು ಪೂರ್ತಿ ಒಳಗೆ. ಪಲ್ಸ್ ಲೇಸರನ್ನ ಗಾಜಿನೊಳಗೆ ಫೋಕಸ್ ಮಾಡಿ, ಫೋಕಸ್ ಆದ ಜಾಗದಲ್ಲಿ ಮಾತ್ರ ಒಂದು ಸಣ್ಣ ಬಿರುಕು ಹುಟ್ಟಿಸ್ತಾರೆ, ಅಂಥ ಸಾವಿರಾರು ಬಿರುಕು ಸೇರಿ ತಿಮ್ಮಪ್ಪ.

ನಾನು ಹೇಳೋಕೆ ಹೊರಟಿರೋ ವಿಷಯ ಈ ಕ್ಯೂಬಿನ ಹತ್ತಿರದ ನೆಂಟನೇ. ಬಿರುಕು ಬೇಡ, ಬಿರುಕು ಬಿಟ್ರೆ ಬೆಳಕು ಚೆದುರುತ್ತೆ. ಅದರ ಬದಲು ಫೋಕಸ್ ಜಾಗದಲ್ಲಿ ಗಾಜಿನ ರಿಫ್ರಾಕ್ಟಿವ್ ಇಂಡೆಕ್ಸ್, ಅಂದ್ರೆ ಬೆಳಕನ್ನ ಎಷ್ಟು ಬಗ್ಗಿಸುತ್ತೆ ಅನ್ನೋ ಅಳತೆ, ಸಾವಿರದಲ್ಲಿ ಒಂದು ಪಾಲು, ಜಾಸ್ತಿ ಅಂದ್ರೆ ನೂರರಲ್ಲಿ ಒಂದು ಪಾಲು ಬದಲಾದ್ರೆ ಸಾಕು, ಹಾಗೆ ಬದಲಾಯಿಸ್ತಾ ಗಾಜನ್ನ ಮೆಲ್ಲಗೆ ಸರಿಸ್ತಾ ಹೋದ್ರೆ ಒಳಗೆ ಒಂದು ಗೆರೆ ಆಗುತ್ತೆ, ಆ ಗೆರೆಯೊಳಗೆ ಬೆಳಕು ಫೈಬರಲ್ಲಿ ಹರಿದ ಹಾಗೆ ಹರಿಯುತ್ತೆ. ಇದಕ್ಕೆ ವೇವ್‌ಗೈಡ್ ಅಂತಾರೆ. 1996ರಲ್ಲಿ ಜಪಾನಿನ ಹಿರಾವೊ ಅವರ ತಂಡ ಊಹೆಗೂ ಸಿಗದಷ್ಟು ಸಣ್ಣ ಹೊತ್ತು ಮಾತ್ರ ಮಿಡಿಯೋ ಫೆಮ್ಟೊಸೆಕೆಂಡ್ ಲೇಸರಲ್ಲಿ ಇದನ್ನ ಮಾಡಿ ತೋರಿಸಿದ್ರು, ಅಲ್ಲಿಂದ ಈಚೆಗೆ ಮಾಮೂಲಿ ಸಿಲಿಕಾ ಗಾಜಲ್ಲಿ ಈ ಕೆಲಸ ಸಾಕಷ್ಟು ಪಳಗಿಬಿಟ್ಟಿದೆ. ಈಗಿನ ಕಷ್ಟ, ಈಗಿನ ಆಸಕ್ತಿ ಎರಡೂ ಇರೋದು ಇನ್ಫ್ರಾರೆಡ್ ಗಾಜುಗಳಲ್ಲಿ, ಅಂದ್ರೆ ಕಣ್ಣಿಗೆ ಕಾಣದ ಶಾಖದ ಬೆಳಕನ್ನ ಬಿಡೋ ಗಾಜುಗಳಲ್ಲಿ. ಅದರಲ್ಲೂ ನಮ್ಮ ಬೆಂಗಳೂರಿನ ಮಟ್ಟಿಗೆ ಕೊರತೆ ಲೇಸರಿನದಲ್ಲ, ಜಾಣರದೂ ಅಲ್ಲ, ಒಳ್ಳೆ ಗಾಜಿನ ತುಂಡಿನದು ಅನ್ನೋದು ನನ್ನ ಅನುಭವ. ಅದನ್ನೇ ಸ್ವಲ್ಪ ಬಿಡಿಸಿ ಹೇಳ್ತೀನಿ.

ನಾನು ಪೀಣ್ಯದಲ್ಲಿ ಒಂದು ಚಿಕ್ಕ ಆಪ್ಟಿಕ್ಸ್ ಯೂನಿಟ್‌ನಲ್ಲಿ ಕೆಲಸ ಮಾಡೋನು, ಲೆನ್ಸು, ಪ್ರಿಸಂ, ಕಿಟಕಿ ಗಾಜು ಇವನ್ನೆಲ್ಲ ಪಾಲಿಶ್ ಮಾಡೋದು, ಅಳೆಯೋದು, ಕೂರಿಸೋದು. ಕಿಟಕಿ ಅಂದ್ರೆ ಮನೆ ಕಿಟಕಿ ಅಲ್ಲ, ಕ್ಯಾಮೆರಾ ಮುಂದೆ ಬರೋ ಕಿಟಕಿ.

ಮೊದಲು ಇನ್ಫ್ರಾರೆಡ್‌ಗೆ ಬೇರೆ ಗಾಜೇ ಯಾಕೆ ಬೇಕು ಅನ್ನೋದು. ಶಾಖವನ್ನೇ ಚಿತ್ರವಾಗಿ ತೋರಿಸೋ ಥರ್ಮಲ್ ಕ್ಯಾಮೆರಾ ಯಾರ ಹತ್ರನಾದ್ರೂ ಇದ್ರೆ ಒಂದು ಸಲ ಈಸ್ಕೊಂಡು ಮನೆ ಕಿಟಕಿ ಕಡೆ ಹಿಡಿದು ನೋಡಿ, ಹೊರಗಡೆ ನಿಂತಿರೋ ಮನುಷ್ಯ ಕಾಣೋದೇ ಇಲ್ಲ, ಕಿಟಕಿ ಒಂದು ಗೋಡೆ ಥರ ಕಾಣುತ್ತೆ, ನಿಮ್ಮದೇ ಪ್ರತಿಬಿಂಬ ಬೇಕಾದ್ರೆ ಮಸುಕಾಗಿ ಕಾಣಬಹುದು. ನಮ್ಮ ಮೈಶಾಖ ಹೊರಗೆ ಹೊರಡೋದು ಮುಖ್ಯವಾಗಿ 8ರಿಂದ 14 ಮೈಕ್ರಾನ್ ತರಂಗಾಂತರದಲ್ಲಿ (ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು), ಮಾಮೂಲಿ ಗಾಜು ಅದನ್ನ ಪೂರ್ತಿ ನುಂಗಿಬಿಡುತ್ತೆ. ಕಾರಣ ಸಿಲಿಕಾನ್ ಮತ್ತೆ ಆಕ್ಸಿಜನ್ ನಡುವಿನ ಕೊಂಡಿ. ಒಂದು ರಬ್ಬರ್ ಬ್ಯಾಂಡಿಗೆ ಸಣ್ಣ ಕಲ್ಲು ಕಟ್ಟಿ ಬಿಟ್ರೆ ಪಟಪಟ ಅಂತ ಕುಣಿಯುತ್ತೆ, ದಪ್ಪ ಕಲ್ಲು ಕಟ್ಟಿದ್ರೆ, ರಬ್ಬರೂ ಸಡಿಲ ಇದ್ರೆ, ನಿಧಾನಕ್ಕೆ ಆಡುತ್ತೆ, ಅಲ್ವಾ. ಅಣುಗಳ ಕೊಂಡಿಯೂ ಹಾಗೇ, ಹಗುರ ಆಕ್ಸಿಜನ್ನು ಬಿಗಿ ಕೊಂಡಿ ಇದ್ದಲ್ಲಿ ಕುಣಿತ ಜೋರು, ಸುಮಾರು 9 ಮೈಕ್ರಾನ್ ಬೆಳಕಿನ ತಾಳಕ್ಕೆ ಅದು ಸರಿಯಾಗಿ ಹೊಂದುತ್ತೆ, ಹಾಗಾಗಿ ಆ ಬೆಳಕು ಅಲ್ಲೇ ಶಾಖವಾಗಿ ಹೋಗುತ್ತೆ. ಆಕ್ಸಿಜನ್ ತೆಗೆದು ಆವರ್ತ ಕೋಷ್ಟಕದಲ್ಲಿ ಅದರ ಕೆಳಗಿನ ಮನೆಯವರಾದ ಸಲ್ಫರ್, ಸೆಲೆನಿಯಂ, ಟೆಲ್ಲೂರಿಯಂ ಹಾಕಿ, ಜೊತೆಗೆ ಆರ್ಸೆನಿಕ್ಕೋ ಜರ್ಮೇನಿಯಮ್ಮೋ ಸೇರಿಸಿದ್ರೆ, ಭಾರದ ಅಣು ಸಡಿಲ ಕೊಂಡಿ, ಕುಣಿತ ನಿಧಾನ, ಗಾಜು ಇನ್ನೂ ದೂರದವರೆಗೆ ಪಾರದರ್ಶಕ. ಇವೇ ಚಾಲ್ಕೋಜೆನೈಡ್ ಗಾಜುಗಳು. ಶುದ್ಧ ಸಿಲಿಕಾ ಎರಡು ಎರಡೂವರೆ ಮೈಕ್ರಾನ್ ದಾಟಿದ ಮೇಲೆ ಸುಸ್ತಾದ್ರೆ, ಸಲ್ಫೈಡ್ ಗಾಜು ಸುಮಾರು 10 ಮೈಕ್ರಾನ್ ತನಕ, ಸೆಲೆನೈಡ್ 15ರ ತನಕ, ಟೆಲ್ಲೂರೈಡ್ 20ರ ಆಚೆಗೂ ಬೆಳಕು ಬಿಡುತ್ತೆ.

ಇನ್ನೊಂದು ಕುಟುಂಬ ಫ್ಲೋರೈಡ್ ಗಾಜು. 1974ರ ಹೊತ್ತಿಗೆ ಫ್ರಾನ್ಸಿನ ರೆನ್ ವಿಶ್ವವಿದ್ಯಾಲಯದಲ್ಲಿ ಪುಲಾಂ ಸೋದರರು, ಲ್ಯೂಕಾ ಇವರೆಲ್ಲ ಹರಳು ಬೆಳೆಸೋಕೆ ಹೋಗಿ ಆಕಸ್ಮಿಕವಾಗಿ ಗಾಜು ಸಿಕ್ಕಿದ್ದು. ಅದರ ಈಗಿನ ಹೆಸರುವಾಸಿ ರೂಪ ಜೆಬ್ಲಾನ್, ಜಿರ್ಕೋನಿಯಂ, ಬೇರಿಯಂ, ಲ್ಯಾಂಥನಮ್, ಅಲ್ಯೂಮಿನಿಯಂ, ಸೋಡಿಯಂ ಫ್ಲೋರೈಡುಗಳ ಮಿಶ್ರಣ. ಇದು ನೋಡೋಕೆ ಮಾಮೂಲಿ ಗಾಜಿನ ಥರಾನೇ ತಿಳಿ. ಆರ್ಸೆನಿಕ್ ಸೆಲೆನೈಡ್ ಹಾಗಲ್ಲ, ಕೈಯಲ್ಲಿ ಹಿಡಿದ್ರೆ ಕಪ್ಪು ಕನ್ನಡಿ ಚೂರಿನ ಹಾಗೆ ಹೊಳೆಯುತ್ತೆ, ಕಣ್ಣಿಗೆ ಒಂದು ಚೂರೂ ಆಚೆ ಕಾಣಲ್ಲ. ಮೊದಲ ಸಲ ನನ್ನ ಕೈಗೆ ಬಂದಾಗ ಇದರೊಳಗೆ ಬೆಳಕು ಹೋಗುತ್ತೆ ಅಂದ್ರೆ ನಂಬಿಕೆ ಬರ್ಲಿಲ್ಲ, ಆಮೇಲೆ ಥರ್ಮಲ್ ಕ್ಯಾಮೆರಾ ಮುಂದೆ ಹಿಡಿದಾಗ ಅದರ ಹಿಂದಿನ ನನ್ನ ಕಾಫಿ ಲೋಟ ಬೆಳ್ಳಗೆ ಹೊಳೀತಾ ಇತ್ತು.

ಈ ತರಂಗಾಂತರದಲ್ಲಿ ಅಂಥದ್ದೇನಿದೆ ಅಂತ ಕೇಳಬಹುದು. ಗ್ಯಾಸುಗಳ ಗುರುತಿನ ಚೀಟಿ ಇರೋದೇ ಇಲ್ಲಿ. ಮೀಥೇನ್ 3.3 ಮೈಕ್ರಾನಲ್ಲಿ, ಕಾರ್ಬನ್ ಡೈಆಕ್ಸೈಡ್ 4.26ರಲ್ಲಿ, ಕಾರ್ಬನ್ ಮಾನಾಕ್ಸೈಡ್ 4.6ರ ಆಸುಪಾಸಲ್ಲಿ ಬೆಳಕನ್ನ ಬಲವಾಗಿ ಹೀರುತ್ತೆ. ಆಪರೇಷನ್ ಥಿಯೇಟರಲ್ಲಿ ಪೇಷೆಂಟ್ ಉಸಿರಲ್ಲಿ ಎಷ್ಟು ಕಾರ್ಬನ್ ಡೈಆಕ್ಸೈಡ್ ಬರ್ತಿದೆ ಅಂತ ಅಲೆಅಲೆಯಾಗಿ ತೋರಿಸೋ ಕ್ಯಾಪ್ನೋಗ್ರಾಫ್ ಇದೆಯಲ್ಲ, ಅದು ಕೆಲಸ ಮಾಡೋದು ಈ 4.26ರ ಮೇಲೇನೇ. 2017ರ ಫೆಬ್ರವರಿಯಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿತ್ತು, 2018ರ ಜನವರಿಯಲ್ಲಿ ಮತ್ತೆ ಬಿತ್ತು, ಕೊಳಚೆಯಿಂದ ಏಳೋ ಮೀಥೇನ್ ಬಗ್ಗೆ ಆಗ ಎಲ್ರೂ ಮಾತಾಡಿದ್ರು. ಅಂಥ ಕೆರೆ ಸುತ್ತ, ಕಸದ ಗುಡ್ಡದ ಸುತ್ತ, ಒಳಚರಂಡಿ ಚೇಂಬರ್ ಒಳಗೆ ಇಳಿಯೋ ಮನುಷ್ಯನ ಸೊಂಟದಲ್ಲಿ, ಒಂದು ಬೆಂಕಿಪೊಟ್ಟಣದಷ್ಟು ದೊಡ್ಡ ಖಚಿತ ಮಾಪಕ ಇರಬೇಕು ಅನ್ನೋದು ನನ್ನ ಆಸೆ. ಆ ಸೊಂಟದ ವಿಷಯ ನನಗೆ ತುಂಬಾ ಮುಖ್ಯ. ಈಗ ಸಿಗೋ ಸಣ್ಣ ಸೆನ್ಸರುಗಳಲ್ಲಿ ಎಷ್ಟೋ ಬಗೆ ತೇವಕ್ಕೆ, ಬೇರೆ ಗ್ಯಾಸಿಗೆ ದಾರಿ ತಪ್ಪುತ್ತೆ, ಬೆಳಕಿನಿಂದ ಅಳೆಯೋದು ನಂಬಿಕಸ್ತ, ಆದ್ರೆ ಕನ್ನಡಿ, ಲೆನ್ಸು, ಅದರ ಅಲೈನ್‌ಮೆಂಟು ಅಂತ ಪೆಟ್ಟಿಗೆ ದೊಡ್ಡದಾಗ್ತಾ ಹೋಗುತ್ತೆ. ಆ ಕನ್ನಡಿ ಲೆನ್ಸುಗಳ ಕೆಲಸವನ್ನೆಲ್ಲ ಒಂದು ಗಾಜಿನ ಬಿಲ್ಲೆಯೊಳಗೆ ಗೆರೆಗಳಾಗಿ ಬರೆದುಬಿಟ್ರೆ ಅಲೈನ್‌ಮೆಂಟ್ ಕದಲೋ ಮಾತೇ ಇಲ್ಲ. ಬೆಳಕಿನ ಮೂಲ ಇಲ್ಲ ಅನ್ನೋ ನೆಪ ಕೂಡ ಹೋಗಿದೆ, 1994ರಲ್ಲಿ ಬೆಲ್ ಲ್ಯಾಬ್ಸಲ್ಲಿ ಕ್ವಾಂಟಮ್ ಕ್ಯಾಸ್ಕೇಡ್ ಲೇಸರ್ ಬಂದ ಮೇಲೆ ಮಿಡ್ ಇನ್ಫ್ರಾರೆಡ್ ಅಂತ ಕರೆಯೋ ಈ ತರಂಗಾಂತರಗಳ ಚಿಪ್ ಸೈಜಿನ ಲೇಸರ್ ಕೊಂಡುಕೊಳ್ಳೋ ವಸ್ತು ಆಗಿದೆ.

ಖಗೋಳದವರಿಗೂ ಇದು ಬೇಕು, ಕೋರಮಂಗಲದ ಖಗೋಳ ಭೌತ ಸಂಸ್ಥೆ ಇರೋ ಊರಲ್ಲಿ ಇದನ್ನ ಹೇಳದೇ ಇರೋಕಾಗಲ್ಲ. ಸೂರ್ಯನಂಥ ನಕ್ಷತ್ರದ ಪಕ್ಕ ಭೂಮಿಯಂಥ ಗ್ರಹ ನೋಡಬೇಕು ಅಂದ್ರೆ ಕಣ್ಣಿಗೆ ಕಾಣೋ ಬೆಳಕಲ್ಲಿ ಗ್ರಹ ಸುಮಾರು ಸಾವಿರ ಕೋಟಿ ಪಟ್ಟು ಮಂಕು, 10 ಮೈಕ್ರಾನ್ ಹತ್ರ ಬಂದ್ರೆ ಅದು ಸುಮಾರು ಒಂದು ಕೋಟಿ ಪಟ್ಟಿಗೆ ಇಳಿಯುತ್ತೆ. ಎರಡು ಮೂರು ದೂರದರ್ಶಕದ ಬೆಳಕನ್ನ ತಂದು, ನಕ್ಷತ್ರದ ಬೆಳಕು ಒಂದಕ್ಕೊಂದು ಹೊಡೆದುಹೋಗೋ ಹಾಗೆ ಸೇರಿಸೋ ಜಂಕ್ಷನ್ ಬೇಕು. 2012ರಲ್ಲೇ ಎಡಿನ್‌ಬರೋದ ಹೆರಿಯಟ್ ವಾಟ್ ವಿಶ್ವವಿದ್ಯಾಲಯದ ತಂಡ ಜರ್ಮನಿ, ಫ್ರಾನ್ಸಿನವರ ಜೊತೆ ಸೇರಿ ಗ್ಯಾಲಿಯಂ ಲ್ಯಾಂಥನಮ್ ಸಲ್ಫೈಡ್ ಅನ್ನೋ ಗಾಜೊಳಗೆ ಮೂರು ದಾರಿ ಮೂರು ಆಯಾಮದಲ್ಲಿ ಸೇರೋ ಹಾಗೆ ಲೇಸರಲ್ಲಿ ಬರೆದು, ಮಿಡ್ ಇನ್ಫ್ರಾರೆಡ್‌ನಲ್ಲಿ ಕೆಲಸ ಮಾಡಿಸಿ ತೋರಿಸಿದ್ರು. ಚಿಪ್ ಕಾರ್ಖಾನೆಯಲ್ಲಿ ಮಾಡೋ ದಾರಿಗಳು ಒಂದೇ ಮಟ್ಟದ ರಸ್ತೆಗಳು, ಒಂದನ್ನೊಂದು ದಾಟಬೇಕಂದ್ರೆ ಅಲ್ಲೇ ಅಡ್ಡ ಹಾಯಬೇಕು. ಲೇಸರಲ್ಲಿ ಬರೆದದ್ದು ಮೇಲೆ ಕೆಳಗೆ ಹೋಗಬಹುದು, ಸಿಲ್ಕ್ ಬೋರ್ಡ್ ಜಂಕ್ಷನಲ್ಲಿ ಮೇಲ್ಸೇತುವೆ ಹಾಕಿದ ಹಾಗೆ.

ಈಗ ಬರೆಯೋದು ಹೇಗೆ ಅನ್ನೋದಕ್ಕೆ ಬರೋಣ. ಫೆಮ್ಟೊಸೆಕೆಂಡ್ ಅಂದ್ರೆ ಎಷ್ಟು ಸಣ್ಣದು ಅಂದ್ರೆ, ಒಂದು ಸೆಕೆಂಡಲ್ಲಿ ಎಷ್ಟು ಫೆಮ್ಟೊಸೆಕೆಂಡ್ ಇದೆಯೋ ಅಷ್ಟು ಸೆಕೆಂಡ್ ಎಣಿಸೋಕೆ 3 ಕೋಟಿ ವರ್ಷಕ್ಕಿಂತ ಜಾಸ್ತಿ ಬೇಕು. ಅಷ್ಟು ಸಣ್ಣ ಕಾಲದೊಳಗೆ ಲೇಸರಿನ ಶಕ್ತಿಯನ್ನೆಲ್ಲ ತುರುಕಿದಾಗ ಒಂದು ವಿಚಿತ್ರ ನಡೆಯುತ್ತೆ, ಮಾಮೂಲಾಗಿ ಗಾಜು ಹೀರದೇ ಬಿಟ್ಟುಬಿಡೋ ಬೆಳಕನ್ನ ಎರಡೋ ಮೂರೋ ಆರೋ ಫೋಟಾನ್, ಅಂದ್ರೆ ಬೆಳಕಿನ ಕಣ, ಒಟ್ಟಿಗೆ ಸೇರಿಸಿ ಹೀರುತ್ತೆ, ಅದೂ ಫೋಕಸ್ ಆದ ಚುಕ್ಕೆಯಲ್ಲಿ ಮಾತ್ರ, ಯಾಕಂದ್ರೆ ಅಷ್ಟು ದಟ್ಟಣೆ ಬೇರೆ ಕಡೆ ಇಲ್ಲ. ಈ ಥರದ ಪಲ್ಸನ್ನ ಉಪಕರಣ ಸುಟ್ಟುಹೋಗದ ಹಾಗೆ ಬಲಪಡಿಸೋ ವಿಧಾನ ಕಂಡುಹಿಡಿದಿದ್ದು 1985ರಲ್ಲಿ ಸ್ಟ್ರಿಕ್‌ಲ್ಯಾಂಡ್ ಮತ್ತು ಜೆರಾರ್ ಮೂರೂ ಅನ್ನೋ ಇಬ್ಬರು ವಿಜ್ಞಾನಿಗಳು, ಅದಕ್ಕೆ 2018ರಲ್ಲಿ ಅವರಿಗೆ ನೊಬೆಲ್ ಬಂತು.

ಸಿಲಿಕಾದಲ್ಲಿ ಎಲೆಕ್ಟ್ರಾನ್ ಎಬ್ಬಿಸೋಕೆ ಸುಮಾರು 9 ಎಲೆಕ್ಟ್ರಾನ್ ವೋಲ್ಟ್ (ಅಣು ಮಟ್ಟದ ಶಕ್ತಿಯ ಅಳತೆ) ಬೇಕು, 800 ನ್ಯಾನೊಮೀಟರ್ ಲೇಸರಿನ ಒಂದು ಫೋಟಾನಲ್ಲಿ ಇರೋದು 1.55, ಅಂದ್ರೆ ಆರು ಫೋಟಾನ್ ಒಟ್ಟಿಗೆ ಹೆಗಲು ಕೊಡಬೇಕು. ಆರ್ಸೆನಿಕ್ ಸಲ್ಫೈಡಲ್ಲಿ ಸುಮಾರು 2.4 ಸಾಕು, ಎರಡೇ ಫೋಟಾನಿಗೆ ಕೆಲಸ ಆಗುತ್ತೆ. ಕೇಳಿದ್ರೆ ಸುಲಭ ಅನ್ಸುತ್ತೆ, ನಿಜಕ್ಕೂ ಇದೇ ತಲೆನೋವು. ಗಾಜು ಅಷ್ಟು ಬೇಗ ಬಲೆಗೆ ಬೀಳುತ್ತೆ ಅಂದ್ರೆ ಫೋಕಸ್‌ಗೆ ಮುಂಚೇನೂ ಬೀಳುತ್ತೆ ಅಂತಾನೇ ಅರ್ಥ. ಇನ್ನೂ ಒಂದಿದೆ. ಈ ಗಾಜುಗಳಲ್ಲಿ ಬೆಳಕು ಜೋರಾದಷ್ಟೂ ಇಂಡೆಕ್ಸ್ ಏರೋ ಗುಣ ಸಿಲಿಕಾಗಿಂತ ನೂರಾರು ಪಟ್ಟು ಜಾಸ್ತಿ, ಹಾಗಾಗಿ ಪಲ್ಸ್ ತನಗೆ ತಾನೇ ಲೆನ್ಸಾಗಿ ನಾವು ಹೇಳಿದ ಜಾಗಕ್ಕಿಂತ ಮೊದಲೇ ಕುಗ್ಗಿ ಉದ್ದನೆ ಎಳೆಯಾಗಿಬಿಡುತ್ತೆ. ಚುಕ್ಕೆ ಇಡಕ್ಕೆ ಹೋದ್ರೆ ಗೀಟು ಬೀಳುತ್ತೆ. ಇದಕ್ಕೆ ಜನ ಕಂಡುಕೊಂಡಿರೋ ದಾರಿ ಪಲ್ಸ್ ಶಕ್ತಿಯನ್ನ ಹತ್ತಾರು ನ್ಯಾನೊಜೂಲ್ ಮಟ್ಟಕ್ಕೆ ಇಳಿಸೋದು, ಪಲ್ಸನ್ನ ಬೇಕಂತಲೇ ಸ್ವಲ್ಪ ಉದ್ದ ಮಾಡಿ ಪಿಕೊಸೆಕೆಂಡ್ (ಸಾವಿರ ಫೆಮ್ಟೊಸೆಕೆಂಡ್) ಹತ್ತಿರಕ್ಕೆ ತರೋದು, ಲೇಸರ್ ಬಣ್ಣವನ್ನೂ ಗಾಜಿಗೆ ತಕ್ಕಂತೆ ಆರಿಸೋದು. ಟೆಲ್ಲೂರಿಯಂ ಜಾಸ್ತಿ ಇರೋ ಗಾಜಲ್ಲಂತೂ 1 ಮೈಕ್ರಾನ್ ಲೇಸರ್ ಒಳಗೇ ಹೋಗಲ್ಲ, ಮೇಲ್ಮೈಯಲ್ಲೇ ಸುಟ್ಟುಹಾಕುತ್ತೆ, ಅದಕ್ಕೆ 2 ಮೈಕ್ರಾನ್ ಕಡೆ ಹೋಗಬೇಕು.

ಆಳದ ತೊಂದರೆ ಬೇರೆ. ನೀರಲ್ಲಿ ಬಿದ್ದ ನಾಣ್ಯ ಮೇಲೆ ಎದ್ದ ಹಾಗೆ ಕಾಣುತ್ತಲ್ಲ, ನೀರಿನ ಇಂಡೆಕ್ಸ್ 1.33ಕ್ಕೇ ಅಷ್ಟು ಮೋಸ. ಆರ್ಸೆನಿಕ್ ಸಲ್ಫೈಡ್ 2.4, ಸೆಲೆನೈಡ್ 2.8. ಫೋಕಸ್ ಮಾಡೋ ಲೆನ್ಸನ್ನ 50 ಮೈಕ್ರಾನ್ ಇಳಿಸಿದ್ರೆ ಫೋಕಸ್ ಒಳಗೆ 120 ಮೈಕ್ರಾನ್ ಆಚೆ ಹೋಗಿರುತ್ತೆ, ಹೋಗೋದಲ್ದೆ ಉದ್ದಕ್ಕೆ ಹರಡಿಕೊಂಡಿರುತ್ತೆ. ಆ ಹರಡುವಿಕೆಯನ್ನ ಸರಿಪಡಿಸೋಕೆ ಕಿರಣಕ್ಕೆ ಮೊದಲೇ ತಿದ್ದುಪಡಿ ಹಾಕೋ ಸ್ಪೇಶಿಯಲ್ ಲೈಟ್ ಮಾಡ್ಯುಲೇಟರ್ ಬೇಕು, ಇಲ್ಲಾಂದ್ರೆ ಒಂದೇ ಆಳಕ್ಕೆ ಕಟ್ಟುಬಿದ್ದು ಬರೀಬೇಕು. ಅದೂ ಸಾಲದು ಅಂತ ಮೇಲ್ಮೈ ಪ್ರತಿಫಲನ, 2.4ಕ್ಕೆ ಒಂದೊಂದು ಮುಖದಲ್ಲೂ 17 ಪರ್ಸೆಂಟ್ ಬೆಳಕು ವಾಪಸ್. ಬರೆದ ಮೇಲೆ ತುದಿಗಳಿಗೆ ಕೋಟಿಂಗ್ ಹಾಕದೆ ಅಳೆದು ನಷ್ಟ ಜಾಸ್ತಿ ಅಂತ ಕೈಚೆಲ್ಲಿದವರೂ ಇದಾರೆ.

ಮಿಡ್ ಇನ್ಫ್ರಾರೆಡ್ ಬೆಳಕಿನ ಅಲೆ ಉದ್ದ, ಅದಕ್ಕೆ ದಾರಿಯೂ ಅಗಲ ಇರಬೇಕು, ಲೇಸರ್ ಒಂದು ಸಲಕ್ಕೆ ಬರೆಯೋ ಗೆರೆ ಮಾತ್ರ ಮೈಕ್ರಾನ್ ದಪ್ಪ. ಹೊಲ ಉಳುವಾಗ ಸಾಲಿನ ಪಕ್ಕ ಸಾಲು ಹೊಡೆದ ಹಾಗೆ ಅರ್ಧ ಮೈಕ್ರಾನ್ ಪಕ್ಕಕ್ಕೆ ಸರಿಸಿ ಸರಿಸಿ ಇಪ್ಪತ್ತು ಮೂವತ್ತು ಸಲ ಬರೆದು ಒಂದು ದಾರಿ ಮಾಡ್ತಾರೆ. ಇದು ಲೇಸರ್ ತಾಗಿದ ಕಡೆ ಇಂಡೆಕ್ಸ್ ಏರೋ ಗಾಜಿನ ಕಥೆ. ಜೆಬ್ಲಾನಲ್ಲಿ ಉಲ್ಟಾ, ಸಾಮಾನ್ಯವಾಗಿ ಲೇಸರ್ ತಾಗಿದ ಕಡೆ ಇಂಡೆಕ್ಸ್ ಇಳಿಯುತ್ತೆ, ಇಂಡೆಕ್ಸ್ ಇಳಿದ ಕಡೆ ಬೆಳಕು ನಿಲ್ಲಲ್ಲ. ಅದಕ್ಕೆ ಗದ್ದೆಗೆ ಬದು ಕಟ್ಟಿದ ಹಾಗೆ ಸುತ್ತಲೂ ಗೆರೆ ಬರೆದು ನಡುವಿನ ಗಾಜನ್ನ ಮುಟ್ಟದೇ ಬಿಡ್ತಾರೆ, ಬೆಳಕು ಆ ಮುಟ್ಟದ ಗಾಜಲ್ಲೇ ನಿಲ್ಲುತ್ತೆ. ನನಗೆ ಈ ವಿಧಾನ ತುಂಬಾ ಇಷ್ಟ, ಯಾಕಂದ್ರೆ ಬೆಳಕು ಹರಿಯೋ ಜಾಗದ ಗಾಜು ಲೇಸರಿನ ಪೆಟ್ಟು ತಿಂದಿರೋದೇ ಇಲ್ಲ, ಲೇಸರ್ ಬೆಳಕು ಹುಟ್ಟಿಸೋಕೆ ಅಂತ ಗಾಜಿಗೆ ಬೆರೆಸಿದ ಥುಲಿಯಂ, ಎರ್ಬಿಯಂ ಅಣುಗಳೂ ಹಾಗೇ ಕೆಡದೆ ಉಳಿಯುತ್ತೆ. 2011ರಲ್ಲಿ ಆಸ್ಟ್ರೇಲಿಯಾದ ಅಡಿಲೇಡ್ ಮತ್ತೆ ಮೆಕ್ವಾರಿ ವಿಶ್ವವಿದ್ಯಾಲಯದವರು ಹೀಗೆ ಬದು ಕಟ್ಟಿದ ಥುಲಿಯಂ ಜೆಬ್ಲಾನ್ ತುಂಡಿನಿಂದಲೇ ಲೇಸರ್ ಮಾಡಿ ತೋರಿಸಿದ್ರು. ಕೆನಡಾದ ಲವಾಲ್ ವಿಶ್ವವಿದ್ಯಾಲಯದವರು 2007ರಲ್ಲೇ ಜೆಬ್ಲಾನ್ ಫೈಬರೊಳಗೆ ಫೆಮ್ಟೊಸೆಕೆಂಡ್ ಲೇಸರಲ್ಲಿ ಬ್ರ್ಯಾಗ್ ಗ್ರೇಟಿಂಗ್ ಬರೆದಿದ್ರು, ಅಂದ್ರೆ ಫೈಬರಿನ ಒಳಗೇ ಒಂದು ಬಣ್ಣಕ್ಕೆ ಮಾತ್ರ ಕನ್ನಡಿ. ಇಂಥ ಕನ್ನಡಿ ಇದ್ರೆ 2.8 ಮೈಕ್ರಾನ್ ಎರ್ಬಿಯಂ ಫೈಬರ್ ಲೇಸರಿಗೆ ಹೊರಗಡೆ ಕನ್ನಡಿಯೇ ಬೇಡ, ನೀರು ಬಲವಾಗಿ ಹೀರೋ ತರಂಗಾಂತರ ಅದು, ಹಲ್ಲು, ಚರ್ಮದ ಚಿಕಿತ್ಸೆಗೆ ಹೇಳಿ ಮಾಡಿಸಿದ್ದು.

ಚಾಲ್ಕೋಜೆನೈಡಲ್ಲಿ ಲೇಸರ್ ತಾಗಿದಾಗ ನಿಜವಾಗಿ ಏನಾಗುತ್ತೆ ಅನ್ನೋದಕ್ಕೆ ಬೆಂಗಳೂರಿನ ಒಂದು ಹಳೇ ಕಥೆ ಸೇರಿಕೊಳ್ಳುತ್ತೆ. ಒಂದೊಂದು ಅಣುವಿಗೂ ಇಷ್ಟು ಕೈ ಅಂತ ಲೆಕ್ಕ ಇಟ್ಕೊಳ್ಳಿ, ಸೆಲೆನಿಯಂಗೆ ಎರಡು, ಆರ್ಸೆನಿಕ್‌ಗೆ ಮೂರು, ಜರ್ಮೇನಿಯಂಗೆ ನಾಲ್ಕು. ಬರೀ ಎರಡು ಕೈಯವರೇ ಇದ್ರೆ ಸರಪಳಿ, ಸಡಿಲ. ನಾಲ್ಕು ಕೈಯವರು ಜಾಸ್ತಿಯಾದ್ರೆ ಬಿಗಿ. ಸರಾಸರಿ 2.4 ಕೈ ಆದಾಗ ಗಾಜು ಬಿಗಿಗೂ ಸಡಿಲಕ್ಕೂ ನಡುವೆ ಬರುತ್ತೆ, ಆರ್ಸೆನಿಕ್ ಸೆಲೆನೈಡ್ ಲೆಕ್ಕ ಹಾಕಿ ನೋಡಿ, ಎರಡು ಆರ್ಸೆನಿಕ್ಕಿಂದ ಆರು, ಮೂರು ಸೆಲೆನಿಯಮ್ಮಿಂದ ಆರು, ಐದು ಅಣುವಿಗೆ ಹನ್ನೆರಡು ಕೈ, ಸರಿಯಾಗಿ 2.4. ಈ ಹದಗಳ ಬಗ್ಗೆ ನಮ್ಮ ಐಐಎಸ್ಸಿ, ಅಂದ್ರೆ ಟಾಟಾ ಇನ್‌ಸ್ಟಿಟ್ಯೂಟಿನ ಇ.ಎಸ್.ಆರ್. ಗೋಪಾಲ್, ಎಸ್. ಅಶೋಕನ್ ಮತ್ತವರ ಜೊತೆಯವರು ಒತ್ತಡದಲ್ಲಿ ಗಾಜನ್ನ ಹಿಂಡಿ ಮಾಡಿದ ಪ್ರಯೋಗ 1989ರಲ್ಲಿ ಫಿಸಿಕಲ್ ರಿವ್ಯೂ ಲೆಟರ್ಸಲ್ಲಿ ಬಂತು. ಲೇಸರ್ ಮಾಡೋದೂ ಈ ಕೈ ಬಿಡಿಸಿ ಬೇರೆಯವರ ಕೈಗೆ ಕೊಡಿಸೋದೇ, ಕೊಂಡಿ ಬದಲಾದಾಗ ಸಾಂದ್ರತೆ ಬದಲಾಗುತ್ತೆ, ಇಂಡೆಕ್ಸ್ ಬದಲಾಗುತ್ತೆ. 2012ರಲ್ಲಿ ಅದೇ ಅಶೋಕನ್ ಅವರ ಗುಂಪು ಮತ್ತೆ ಹೆರಿಯಟ್ ವಾಟಿನ ಅಜಯ್ ಕರ್ ಅವರ ಗುಂಪು ಸೇರಿ ಎರ್ಬಿಯಂ ಬೆರೆಸಿದ ಚಾಲ್ಕೋಜೆನೈಡ್ ಗಾಜಿನೊಳಗೆ ಲೇಸರಲ್ಲಿ ವೇವ್‌ಗೈಡ್ ಬರೆದು ಟೆಲಿಕಾಂ ಬೆಳಕನ್ನ ಬಲಪಡಿಸೋ ಆಂಪ್ಲಿಫೈಯರ್ ಪ್ರಕಟಿಸಿದ್ರು. ಅಂದ್ರೆ ಈ ಊರು ಈ ವಿದ್ಯೆಗೆ ಹೊಸದಲ್ಲ. ಯಾರಾದ್ರೂ ಇದು ವಿದೇಶದ ವಿಷಯ ಅಂದಾಗ ನನಗೆ ಸಂಕಟ ಆಗೋದು ಅದಕ್ಕೇ.

ಆದ್ರೆ ಗಾಜು. ಇಲ್ಲಿ ಸ್ವಲ್ಪ ನಿಲ್ಲಬೇಕು.

ನಮ್ಮ ಬೀದಿ ಕೊನೇಲಿ ಒಬ್ರು ರಿಟೈರ್ಡ್ ಟೆಕ್ನಿಷಿಯನ್ ಇದಾರೆ, ಒಂದು ಲ್ಯಾಬಲ್ಲಿ ಮೂವತ್ತು ವರ್ಷ ಗಾಜು ಕರಗಿಸಿದವರು, ನಾವೆಲ್ಲ ರಾಯರು ಅಂತೀವಿ. ಬೆಳಗ್ಗೆ ಹಾಲು ತರೋಕೆ ಹೋದಾಗ ಸಿಕ್ರೆ ಮಾತು ಅರ್ಧ ಗಂಟೆ. ಚಾಲ್ಕೋಜೆನೈಡ್ ಗಾಜನ್ನ ತೆರೆದ ಮೂಸೆಯಲ್ಲಿ ಕರಗಿಸೋಕಾಗಲ್ಲ, ಆಕ್ಸಿಜನ್ ಸೇರಿದ್ರೆ ಕೆಲಸ ಕೆಟ್ಟಿತು, ಆರ್ಸೆನಿಕ್ ಹೊಗೆ ಆಚೆ ಬಂದ್ರೆ ಮನುಷ್ಯನೇ ಕೆಟ್ಟ. ಅದಕ್ಕೆ ಕ್ವಾರ್ಟ್ಜ್ ಕೊಳವೆಯೊಳಗೆ ಎಲ್ಲ ಹಾಕಿ, ಗಾಳಿ ಎಳೆದು, ಬಾಯಿ ಕರಗಿಸಿ ಮುಚ್ಚಿ, ತೂಗೋ ಕುಲುಮೆಯಲ್ಲಿಟ್ಟು 800, 900 ಡಿಗ್ರಿವರೆಗೆ ಏರಿಸಿ ರಾತ್ರಿಯಿಡೀ ತೊಟ್ಟಿಲ ಥರ ತೂಗಬೇಕು, ಇಲ್ಲಾಂದ್ರೆ ಬೆರೆಯಲ್ಲ. ಸಲ್ಫರ್ 445 ಡಿಗ್ರಿಗೇ ಕುದಿಯುತ್ತೆ, ಮುಚ್ಚಿದ ಕೊಳವೆಯಲ್ಲಿ ಅದರ ಆವಿ ಒತ್ತಡ ಏರ್ತಾ ಹೋಗುತ್ತೆ. ‘ಅವಸರ ಮಾಡಿದ್ರೆ ಢಂ ಅನ್ನುತ್ತೆ ಕಣಪ್ಪ’ ಅಂದ್ರು ರಾಯರು. ‘ಒಂದು ರಾತ್ರಿ ಹೊಸ ಹುಡುಗ ಗಂಟೆಗೆ ಇಷ್ಟೇ ಡಿಗ್ರಿ ಅಂದಿದ್ದನ್ನ ಮರೆತು ಜೋರಾಗಿ ಏರಿಸಿಬಿಟ್ಟ, ಕುಲುಮೆ ಬಾಗಿಲು ಹಾರಿ ಗೋಡೆಗೆ ಹೊಡೀತು, ದೇವರ ದಯೆ ರೂಮಲ್ಲಿ ಯಾರೂ ಇರ್ಲಿಲ್ಲ, ಆಮೇಲೆ ಮೂರು ತಿಂಗಳು ಆ ರೂಮಿಗೆ ಬೀಗ.’ ನಾನು ಸಾರ್ ಆಮೇಲೆ ಆ ಹುಡುಗ ಅಂದೆ. ‘ಇನ್ನೆಲ್ಲಿ, ಸಾಫ್ಟ್‌ವೇರಿಗೆ ಹೋದ’ ಅಂದ್ರು, ಸ್ವಲ್ಪ ಹೊತ್ತು ಇಬ್ರೂ ಮಾತಾಡ್ಲಿಲ್ಲ.

ಶುದ್ಧತೆ ಇನ್ನೊಂದು ದೊಡ್ಡ ಅಧ್ಯಾಯ. ಹತ್ತು ಲಕ್ಷಕ್ಕೆ ಕೆಲವೇ ಪಾಲು ನೀರಿನ ಅಂಶ ಸೇರಿದ್ರೂ 2.9 ಮೈಕ್ರಾನಲ್ಲಿ ಹೀರಿಕೆ ಬರುತ್ತೆ, ಸಲ್ಫರಿಗೆ ಹೈಡ್ರೋಜನ್ ಅಂಟಿದ್ರೆ 4 ಮೈಕ್ರಾನ್ ಹತ್ರ, ಸೆಲೆನಿಯಂಗೆ ಅಂಟಿದ್ರೆ ಸುಮಾರು 4.57ರಲ್ಲಿ. ಮೇಲೆ ಹೇಳಿದ್ನಲ್ಲ, ಕಾರ್ಬನ್ ಮಾನಾಕ್ಸೈಡ್ ಹಿಡಿಯೋ ಜಾಗ 4.6 ಅಂತ. ನೀವು ಎಷ್ಟೇ ಚೆನ್ನಾಗಿ ವೇವ್‌ಗೈಡ್ ಬರೆದಿರಿ, ಗಾಜಲ್ಲಿ ಹೈಡ್ರೋಜನ್ ಉಳಿದಿದ್ರೆ ಆ ಸೆನ್ಸರ್ ಗ್ಯಾಸಿನ ಬದಲು ಗಾಜಿನ ಕೊಳೆಯನ್ನೇ ಅಳೆಯುತ್ತೆ. ಇದನ್ನ ತೆಗೆಯೋಕೆ ಸ್ವಲ್ಪ ಮೆಗ್ನೀಸಿಯಮ್ಮೋ ಅಲ್ಯೂಮಿನಿಯಮ್ಮೋ ಹಾಕಿ ಆಕ್ಸಿಜನ್ ಹಿಡಿಸಿ, ಆಮೇಲೆ ಇಡೀ ಗಾಜನ್ನ ನಿರ್ವಾತದಲ್ಲಿ ಬಟ್ಟಿ ಇಳಿಸ್ತಾರೆ, ಒಂದೆರಡು ಸಲ ಅಲ್ಲ. ಫ್ಲೋರೈಡ್ ಗಾಜಿನದ್ದು ಬೇರೆ ಗೋಳು, ಅದು ತಣಿಯುವಾಗ ಹರಳುಗಟ್ಟೋಕೆ ಕಾಯ್ತಾ ಇರುತ್ತೆ, ಗುರುತ್ವಾಕರ್ಷಣೆ ಇಲ್ಲದ ಕಡೆ ಆ ಹರಳು ಕಮ್ಮಿ ಅಂತ ಅಂತರಿಕ್ಷ ನಿಲ್ದಾಣಕ್ಕೇ ಯಂತ್ರ ಕಳಿಸಿ 2024ರಲ್ಲಿ ಅಲ್ಲಿ ಕಿಲೋಮೀಟರ್‌ಗಟ್ಟಲೆ ಜೆಬ್ಲಾನ್ ಫೈಬರ್ ಎಳೆದಿದಾರೆ. ಗಾಜಿಗೋಸ್ಕರ ಆಕಾಶಕ್ಕೆ ಹೋಗಿದಾರೆ ಅಂದ್ರೆ ಅದರ ಬೆಲೆ ಅರ್ಥ ಮಾಡ್ಕೊಳ್ಳಿ.

ಈ ಗಾಜುಗಳು ಮೆತ್ತಗೂ ಹೌದು. ಆರ್ಸೆನಿಕ್ ಸೆಲೆನೈಡ್ ಸುಮಾರು 185 ಡಿಗ್ರಿಗೇ ಮೆದುವಾಗೋಕೆ ಶುರು, ದೋಸೆ ಕಾವಲಿಯಷ್ಟು ಬಿಸಿ. ಅದರಿಂದ ಒಂದು ಲಾಭ, ಅಚ್ಚಲ್ಲಿ ಒತ್ತಿ ಲೆನ್ಸ್ ಮಾಡಬಹುದು. ಒಂದು ನಷ್ಟ, ಲೇಸರಲ್ಲಿ ಬರೆದ ಗೆರೆ ಬಿಸಿಲಲ್ಲಿ, ಎಂಜಿನ್ ಪಕ್ಕದಲ್ಲಿ, ವರ್ಷಗಟ್ಟಲೆ ಇಟ್ಟಾಗ ನಿಧಾನವಾಗಿ ಮಾಸಬಹುದು, ಹಾಗಾಗಿ ಬರೆದ ಮೇಲೆ ಹದವಾಗಿ ಕಾಯಿಸಿ ಮಾಸೋದೆಲ್ಲ ಮೊದಲೇ ಮಾಸೋ ಹಾಗೆ ಮಾಡಿ ಉಳಿದದ್ದನ್ನ ನಂಬಬೇಕು. ಗಡಸುತನದಲ್ಲೂ ಆರ್ಸೆನಿಕ್ ಸಲ್ಫೈಡ್ ಲೆನ್ಸಿಗೆ ಬಳಸೋ ಮಾಮೂಲಿ ಕ್ರೌನ್ ಗಾಜಿಗಿಂತ ಐದು ಪಟ್ಟು ಕಮ್ಮಿ, ನಮ್ಮ ಪಾಲಿಶ್ ಹುಡುಗರು ಇದನ್ನ ಮುಟ್ಟೋಕೆ ಮುಂಚೆ ಪ್ಯಾಡು, ಪುಡಿ, ನೀರು ಎಲ್ಲ ಬದಲಾಯಿಸ್ತಾರೆ, ಆದ್ರೂ ಗೀರು ಬೀಳುತ್ತೆ. ಪಾಲಿಶ್ ಸರಿ ಇಲ್ಲದ ಮುಖದ ಮೂಲಕ ಫೆಮ್ಟೊಸೆಕೆಂಡ್ ಲೇಸರ್ ಬಿಟ್ರೆ ಮೊದಲು ಸುಡೋದು ಆ ಗೀರೇ. ಒಳ್ಳೆ ಕಡೆ ಬರೆದ ವೇವ್‌ಗೈಡಲ್ಲೂ ಸೆಂಟಿಮೀಟರಿಗೆ 1 ಡೆಸಿಬೆಲ್ ನಷ್ಟ ಅಂದ್ರೆ ಆ ಒಂದು ಸೆಂಟಿಮೀಟರಲ್ಲೇ 20 ಪರ್ಸೆಂಟ್ ಬೆಳಕು ಹೋಯ್ತು, ಟೆಲಿಕಾಂ ಫೈಬರಲ್ಲಿ ಅಷ್ಟು ಹೋಗೋಕೆ ಸುಮಾರು ಐದು ಕಿಲೋಮೀಟರ್ ಬೇಕು. ಆ ನಷ್ಟದಲ್ಲಿ ಎಷ್ಟು ಲೇಸರಿನ ತಪ್ಪು ಎಷ್ಟು ಗಾಜಿನ ತಪ್ಪು ಅಂತ ಬೇರ್ಪಡಿಸಬೇಕಂದ್ರೆ ಒಂದೇ ಕುದಿಯ ಗಾಜಲ್ಲಿ ಹತ್ತು ತುಂಡು ಕೈಯಲ್ಲಿರಬೇಕು.

ಅಂಥ ಹತ್ತು ತುಂಡು ಸಿಗೋದು ಎಲ್ಲಿಂದ. ಜಗತ್ತಲ್ಲಿ ಇಂಥ ಗಾಜನ್ನ ಒಂದೇ ಗುಣಮಟ್ಟದಲ್ಲಿ ಮಾಡಿ ಮಾರೋ ಕಂಪನಿಗಳು ಬೆರಳೆಣಿಕೆ, ಜರ್ಮನಿಯ ಶಾಟ್, ಬೆಲ್ಜಿಯಂನ ಯುಮಿಕೋರ್, ಅಮೆರಿಕದ ಲೈಟ್‌ಪಾತ್ ಹೀಗೆ. ಎರಡು ವರ್ಷದ ಹಿಂದೆ ನಾವು ಒಂದು ಹೊರದೇಶದ ಸಪ್ಲೈಯರ್ ಹತ್ರ ಆರು ಬಿಲ್ಲೆ ತರಿಸಿದ್ವಿ. ಯಾರಿಗೆ ಬೇಕು, ಯಾಕೆ ಬೇಕು, ಮಿಲಿಟರಿಗಾ ಅಂತ ಕಾಗದದ ಮೇಲೆ ಕಾಗದ, ಐದು ತಿಂಗಳಾದ ಮೇಲೆ ಪೆಟ್ಟಿಗೆ ಬಂತು, ತೆಗೆದು ನೋಡಿದ್ರೆ ಎರಡರ ಅಂಚು ಚೂರಾಗಿತ್ತು, ಒಂದರೊಳಗೆ ಸಣ್ಣ ಗುಳ್ಳೆ. ಬದಲಿ ಕಳಿಸಿ ಅಂದ್ರೆ ಮತ್ತೆ ಹೊಸ ಆರ್ಡರ್ ಹಾಕಿ ಅಂದ್ರು. ಆ ದಿನ ನಮ್ಮ ಓನರ್ ಏನೂ ಮಾತಾಡದೆ ಪೆಟ್ಟಿಗೆ ಮುಚ್ಚಿಟ್ರು.

ಅಷ್ಟರಲ್ಲಿ ಚೀನಾದ ವಿಷಯ ಬಂತು. ಜಗತ್ತಿನ ಜರ್ಮೇನಿಯಂ, ಗ್ಯಾಲಿಯಂನಲ್ಲಿ ಅರ್ಧಕ್ಕಿಂತ ಜಾಸ್ತಿ ಬರೋದು ಅಲ್ಲಿಂದ, 2023ರ ಆಗಸ್ಟ್ 1ರಿಂದ ಎರಡಕ್ಕೂ ರಫ್ತು ಪರವಾನಗಿ ಕಡ್ಡಾಯ ಮಾಡಿದ್ರು, 2024ರ ಡಿಸೆಂಬರಲ್ಲಿ ಅಮೆರಿಕಕ್ಕೆ ಪೂರ್ತಿ ನಿಲ್ಲಿಸಿದ್ರು, 2025ರ ನವೆಂಬರಲ್ಲಿ ಆ ನಿಷೇಧವನ್ನ ತಾತ್ಕಾಲಿಕವಾಗಿ ಬದಿಗಿಟ್ರು. ಥರ್ಮಲ್ ಕ್ಯಾಮೆರಾ ಲೆನ್ಸಿಗೆ ಶುದ್ಧ ಜರ್ಮೇನಿಯಂ ಹರಳೇ ಬಳಸ್ತಿದ್ದವರು ಈಗ ಚಾಲ್ಕೋಜೆನೈಡ್ ಕಡೆ ತಿರುಗಿದಾರೆ, ಯಾಕಂದ್ರೆ ಇದರಲ್ಲಿ ಜರ್ಮೇನಿಯಂ ಮೂರನೇ ಒಂದು ಪಾಲು ಅಥವಾ ಅದಕ್ಕೂ ಕಮ್ಮಿ, ಆರ್ಸೆನಿಕ್ ಸೆಲೆನೈಡಲ್ಲಂತೂ ಇಲ್ಲವೇ ಇಲ್ಲ. ಲೆನ್ಸಿನವರು ಟನ್ನುಗಟ್ಟಲೆ ಕೇಳುವಾಗ ಲೇಸರ್ ಬರವಣಿಗೆಗೆ ಅಂತ ನಾಲ್ಕು ಬಿಲ್ಲೆ ಕೇಳೋ ಲ್ಯಾಬು ಸರದಿಯಲ್ಲಿ ಕೊನೆಗೆ ನಿಲ್ಲುತ್ತೆ, ಇದು ಸಹಜ.

ನಮ್ಮ ದೇಶ ಸುಮ್ಮನೆ ಕೂತಿಲ್ಲ ಅನ್ನೋದನ್ನೂ ಹೇಳಬೇಕು. 2023ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ 30 ನಿರ್ಣಾಯಕ ಖನಿಜಗಳ ಪಟ್ಟಿಯಲ್ಲಿ ಜರ್ಮೇನಿಯಂ, ಗ್ಯಾಲಿಯಂ, ಸೆಲೆನಿಯಂ, ಟೆಲ್ಲೂರಿಯಂ ನಾಲ್ಕೂ ಇದೆ. ಹೈದರಾಬಾದಿನಲ್ಲಿರೋ ಸರ್ಕಾರಿ ವಸ್ತು ಸಂಶೋಧನಾ ಕೇಂದ್ರ ಸಿ-ಮೆಟ್‌ನವರು ಅತಿಶುದ್ಧ ಮೂಲವಸ್ತುಗಳ ಮೇಲೆ, ಕೋಲ್ಕತ್ತಾದ ಕೇಂದ್ರೀಯ ಗಾಜು ಸಂಶೋಧನಾಲಯದವರು ಗಾಜಿನ ಮೇಲೆ ಕೆಲಸ ಮಾಡ್ತಾರೆ. ಇಸ್ರೋದ ಎಲೆಕ್ಟ್ರೋ ಆಪ್ಟಿಕ್ಸ್ ಲ್ಯಾಬ್ ನಮ್ಮ ಪೀಣ್ಯದಲ್ಲೇ ಇದೆ, ನಾನು ದಿನಾ ಅದರ ಗೇಟ್ ಮುಂದೆ ಹಾದು ಹೋಗ್ತೀನಿ. ಪದಾರ್ಥ ಒಂದು ಊರಲ್ಲಿ, ಕುಲುಮೆ ಇನ್ನೊಂದು ಊರಲ್ಲಿ, ಲೇಸರ್ ಇಲ್ಲಿ, ಪಾಲಿಶ್ ಅದರ ಪಕ್ಕದ ಗಲ್ಲಿಯಲ್ಲಿ. ಅಕ್ಕಿ ಉದ್ದು ಬೇರೆ ಬೇರೆ ಮನೇಲಿ ನೆನೆಸಿಟ್ಟ ಹಾಗಿದೆ.

ನನಗೆ ಬೇಕಾಗಿರೋದು ದೊಡ್ಡ ಘೋಷಣೆಯಲ್ಲ. ಒಂದು ಜಾಗ, ಅಲ್ಲಿ ಹೊರಗಿನ ಗಾಳಿ ತಾಗದ ಹಾಗೆ ಕೆಲಸ ಮಾಡೋ ಗ್ಲೋವ್ ಬಾಕ್ಸು, ಬಟ್ಟಿ ಇಳಿಸೋ ಲೈನು, ಎರಡು ತೂಗೋ ಕುಲುಮೆ, ಹದವಾಗಿ ತಣಿಸೋ ಓವನ್ನು, ಆರ್ಸೆನಿಕ್ ತ್ಯಾಜ್ಯಕ್ಕೆ ಸರಿಯಾದ ವ್ಯವಸ್ಥೆ, ಒಂದು ಪಾಲಿಶ್ ಬೆಂಚು. ತಿಂಗಳಿಗೆ ಒಂದೇ ಬಗೆಯ ಗಾಜು, ಒಂದೇ ಅಳತೆಯ 25 ಮಿಲಿಮೀಟರ್ ಬಿಲ್ಲೆ, ಜೊತೆಗೆ ಎಲ್ಲಿಂದ ಎಲ್ಲಿತನಕ ಬೆಳಕು ಬಿಡುತ್ತೆ, ಹೈಡ್ರೋಜನ್ ಎಷ್ಟು ಉಳಿದಿದೆ, ಇಂಡೆಕ್ಸ್ ಎಷ್ಟು ಅಂತ ಒಂದು ಹಾಳೆ. ಕೇಳಿದ ಯಾವ ಲ್ಯಾಬಿಗಾದ್ರೂ, ಕಾಲೇಜಿಗಾದ್ರೂ, ನಮ್ಮಂಥ ಸಣ್ಣ ಯೂನಿಟ್‌ಗಾದ್ರೂ ಸಲ್ಲುವ ಬೆಲೆಗೆ ಕೊಡಬೇಕು. ಜೊತೆಗೆ ರಾಯರಂಥವರನ್ನ ವಾರಕ್ಕೆರಡು ದಿನ ಕರೆಸಿ, ಗಂಟೆಗೆ ಎಷ್ಟು ಡಿಗ್ರಿ ಏರಿಸಬೇಕು, ಕೊಳವೆ ಬಾಯಿ ಹೇಗೆ ಮುಚ್ಚಬೇಕು, ಕುಲುಮೆ ಸದ್ದು ಬದಲಾದ್ರೆ ಏನರ್ಥ ಅಂತ ಹೊಸ ಹುಡುಗ ಹುಡುಗಿಯರಿಗೆ ಕೈ ಹಿಡಿದು ಹೇಳಿಸಬೇಕು, ಸಂಬಳ ಕೊಟ್ಟು. ಅವರಿಗೆ ಈಗ ಎಪ್ಪತ್ತೊಂದು. ಮೊನ್ನೆ ಕೇಳಿದೆ, ಸಾರ್ ಕರೆದ್ರೆ ಬರ್ತೀರಾ ಅಂತ. ‘ಕುಲುಮೆ ಎಲ್ಲಿದೆ ಅಂತ ಹೇಳು, ಬಸ್ಸಲ್ಲೇ ಬರ್ತೀನಿ’ ಅಂದ್ರು.

ಅವತ್ತು ಬಂದ ಆರರಲ್ಲಿ ಸರಿಯಾಗಿ ಉಳಿದ ಮೂರು ಬಿಲ್ಲೆಯಲ್ಲಿ ಎರಡನ್ನ ಪಾಲಿಶ್ ಮಾಡಿ ಒಂದು ಲ್ಯಾಬಿನ ಹುಡುಗಿಗೆ ಕೊಟ್ಟಿದೀವಿ, ಅವಳು ಒಂದರಲ್ಲಿ ಲೇಸರಿನ ಹದ ಹುಡುಕಿ ಮುಗಿಸಿದಾಳೆ, ಇನ್ನೊಂದರಲ್ಲಿ ಮೀಥೇನಿಗೆ ಅಂತ ಹನ್ನೆರಡು ಗೆರೆ ಬರೀತಿದಾಳೆ, ಮೂರನೇದು ನಮ್ಮ ಬೀರುವಲ್ಲಿ ಸಿಲಿಕಾ ಜೆಲ್ ಜೊತೆ ಇದೆ. ಹೊಸ ಆರ್ಡರ್ ಹೋದ ವಾರ ಹಾಕಿದ್ವಿ, ಡೆಲಿವರಿ ಇಪ್ಪತ್ತೆರಡು ವಾರ ಅಂತ ಬರೆದು ಕಳಿಸಿದಾರೆ.